ಹಿಕರಿಯ ಎರಡು ಕಾವು

ಫಿಲಡೆಲ್ಫಿಯಾದ ಮಾರ್ಕಸ್ ಬುಲ್ ಒಂದು ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟಿಸಿದರು. ಒಳಗಿನ ಕೋಣೆಯಲ್ಲಿ ಒಲೆ ಇಟ್ಟರು. ಒಂದು ಪೌಂಡ್ ಒಣ ಸೌದೆ ಉರಿಸಿದರೆ ಒಳಕೋಣೆ ಹೊರಕೋಣೆಗಿಂತ 10 ಡಿಗ್ರಿ ಫ್ಯಾರನ್‌ಹೀಟ್ ಜಾಸ್ತಿ ಬೆಚ್ಚಗೆ ಎಷ್ಟು ಹೊತ್ತು ಇರುತ್ತದೆ? ಅವರಿಗೆ ಬೇಕಾದದ್ದು ಇಷ್ಟೇ. ಒಂದೊಂದೇ ಜಾತಿಯ ಮರ ಉರಿಸಿದರು, ಗಡಿಯಾರ ನೋಡಿ ಬರೆದುಕೊಂಡರು. 1826ರಲ್ಲಿ ಆ ಲೆಕ್ಕವನ್ನು ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯ ಮುಂದಿಟ್ಟರು.

ಪಟ್ಟಿಯಲ್ಲಿ ಮೊದಲು ನಿಂತದ್ದು ಹಿಕರಿ ಎಂಬ ಗಟ್ಟಿ ಮರ. ಅದಕ್ಕೆ 100 ಅಂಕ ಅಂದರೆ ಬಿಳಿ ಓಕ್‌ಗೆ 81, ಬಿಳಿ ಪೈನ್‌ಗೆ ಬರೀ 42. ಆದರೆ ಇದು ಒಂದೇ ಅಳತೆಯ ರಾಶಿಗೆ ಹಾಕಿದ ಲೆಕ್ಕ. ತೂಕ ಸಮ ಮಾಡಿ ನೋಡಿದರೆ ಮರಗಳ ನಡುವಿನ ಅಂತರ ಹೆಚ್ಚೂಕಡಿಮೆ ಮಾಯವಾಗುತ್ತದೆ!

ನನಗೆ ಈ ಲೆಕ್ಕದಲ್ಲಿ ತುಂಬ ಇಷ್ಟವಾಗುವುದು ಇದೇ. ಹಿಕರಿಯಲ್ಲಿ ಬೇರೆ ಮರಗಳಲ್ಲಿ ಇಲ್ಲದ ವಿಶೇಷ ಇಂಧನ ಏನೂ ಇಲ್ಲ. ಯಾವ ಮರವಾದರೂ ಅದರ ಜೀವಕೋಶಗಳ ಗೋಡೆ ನೀರಿನ ಒಂದೂವರೆ ಪಟ್ಟು ತೂಗುತ್ತದೆ. ಉಳಿದದ್ದು ಟೊಳ್ಳು, ಗಾಳಿ. ಪೈನ್‌ನಲ್ಲಿ ಗಾಳಿ ಜಾಸ್ತಿ, ಹಿಕರಿಯಲ್ಲಿ ಗೋಡೆ ಜಾಸ್ತಿ. ಅಮೆರಿಕದಲ್ಲಿ ಸೌದೆಯನ್ನು ‘ಕಾರ್ಡ್’ ಲೆಕ್ಕದಲ್ಲಿ ಮಾರುತ್ತಾರೆ. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು ಅದು. ಒಣಗಿದ ಪೈನ್ ಆದರೆ ಒಂದು ಕಾರ್ಡ್ ಸುಮಾರು ಒಂದು ಟನ್ ತೂಗುತ್ತದೆ, ಹಿಕರಿ ಆದರೆ ಸುಮಾರು ಎರಡು ಟನ್. ಅಷ್ಟೇ ಜಾಗ, ಎರಡು ಪಟ್ಟು ಉರುವಲು. ಅದರ ಕೆಂಡವೂ ಗಟ್ಟಿ, ನಿಧಾನಕ್ಕೆ ಸವೆಯುತ್ತದೆ. ರಾತ್ರಿ ಒಲೆಗೆ ಹಾಕಿ ಮಲಗಿದವರಿಗೆ ಬೆಳಿಗ್ಗೆ ಬೂದಿ ಕೆದಕಿದರೆ ಇನ್ನೂ ಕೆಂಪಗಿರುವ ಕೆಂಡ ಸಿಗುವುದು ಇದರಿಂದಲೇ.

ಇದು ಉತ್ತರ ಅಮೆರಿಕದ ಪೂರ್ವದ ಕಾಡುಗಳ ಮರ, ಅಕ್ರೋಟಿನ ಬಳಗದ್ದು. ಪೀಕನ್ ಬೀಜ ಕೊಡುವುದೂ ಒಂದು ಜಾತಿಯ ಹಿಕರಿಯೇ. ವರ್ಜೀನಿಯಾದ ಮೂಲನಿವಾಸಿಗಳಾದ ಪೊಹಾಟನ್ ಜನರು ಇದರ ಕಾಯಿ ಜಜ್ಜಿ ಹಾಲಿನಂಥ ಪಾನೀಯ ಮಾಡುತ್ತಿದ್ದರು. ಅದಕ್ಕಿದ್ದ ಉದ್ದನೆಯ ಹೆಸರನ್ನು ವಲಸೆ ಬಂದವರು ಮೊಟಕು ಮಾಡಿ ಮರಕ್ಕೆ ಇಟ್ಟರು.

ಒಳ್ಳೆಯ ಕೊಡಲಿ ಕಾವನ್ನು ಅಲ್ಲಿ ಮಾಡುವುದೂ ಹಿಕರಿಯಿಂದಲೇ. ಪೆಟ್ಟಿನ ಅದುರನ್ನು ತಾಳಿಕೊಳ್ಳುತ್ತದೆ, ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ನಮ್ಮ ಗಾದೆ ಈ ಮರಕ್ಕೆ ಅಕ್ಷರಶಃ ಹೊಂದುತ್ತದೆ. ಆದರೆ ಕಾವಿಗೆ ಒಳ್ಳೆಯದಾದ ಆ ಉದ್ದುದ್ದ ನಾರೇ ಸೌದೆ ಸೀಳುವವನ ಕೈ ನೋಯಿಸುತ್ತದೆ. ದಿಮ್ಮಿ ಬಿರುಕು ಬಿಟ್ಟರೂ ಎರಡು ಹೋಳುಗಳು ನಾರಿನಿಂದ ಅಂಟಿಕೊಂಡೇ ಇರುತ್ತವೆ. ಬೆಣೆ ಹೊಡೆದು ಬಿಡಿಸಬೇಕು.

ಸೀಳದೆ ವಿಧಿಯಿಲ್ಲ, ಯಾಕೆಂದರೆ ಒಣಗಬೇಕು. ಆಗತಾನೆ ಕಡಿದ ಹಿಕರಿಯ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ನೀರು. ಆ ನೀರು ಆವಿಯಾಗಲು ಎಷ್ಟು ಶಾಖ ಬೇಕು ಎಂದು ಲೆಕ್ಕ ಹಾಕಿದರೆ, ಸೌದೆ ಕೊಡಬಲ್ಲ ಶಾಖದಲ್ಲಿ ಹತ್ತನೇ ಒಂದು ಪಾಲೂ ಆಗುವುದಿಲ್ಲ. ಹಾಗಿದ್ದರೆ ಹಸಿ ಸೌದೆ ಅಷ್ಟೊಂದು ಕಾಡುವುದು ಯಾಕೆ? ಬಚ್ಚಲ ಒಲೆ ಮುಂದೆ ಕೂತು ಊದುಗೊಳವೆ ಊದಿ ಕಣ್ಣು ಕೆಂಪು ಮಾಡಿಕೊಂಡವರಿಗೆ ಇದು ಗೊತ್ತಿರಲೇಬೇಕಾದ ವಿಷಯ ಅಲ್ವಾ? ಜ್ವಾಲೆಯಾಗಿ ಉರಿಯುವುದು ಮರವಲ್ಲ, ಬಿಸಿಗೆ ಮರದಿಂದ ಹೊರಡುವ ಅನಿಲಗಳು. ಅವು ಪೂರ್ತಿ ಉರಿಯಲು ಒಲೆಯೊಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿರಬೇಕು. ನೀರಿನ ಆವಿ ಒಲೆಯನ್ನು ತಣ್ಣಗಾಗಿಸುತ್ತದೆ. ಆಗ ಅರ್ಧ ಇಂಧನ ಉರಿಯದೆ ಹೊಗೆಯಾಗಿ ಹೋಗಿಬಿಡಬಹುದು. ಹೋಗುತ್ತಾ ಚಿಮಣಿಯ ಗೋಡೆಗೆ ಡಾಂಬರಿನಂತೆ ಅಂಟುತ್ತದೆ. ಇದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಮುಂದೊಂದು ದಿನ ಅದಕ್ಕೇ ಬೆಂಕಿ ಹತ್ತಿದರೆ ಮನೆಗೇ ಅಪಾಯ.

ಅದಕ್ಕೇ ಹಿಕರಿಯನ್ನು ಸೀಳಿ, ಮೇಲೆ ಮಾತ್ರ ಹೊದಿಸಿ, ಪಕ್ಕದಿಂದ ಗಾಳಿ ಆಡುವಂತೆ ಒಟ್ಟಿ ಒಂದೆರಡು ವರ್ಷ ಬಿಡುತ್ತಾರೆ. ತೇವ 20 ಶೇಕಡಕ್ಕಿಂತ ಕೆಳಗಿಳಿಯಬೇಕು. ಒಣಗಿದ ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದರೆ ಠಣ್ ಎನ್ನುತ್ತವೆ, ಹಸಿಯಾದರೆ ಸುಮ್ನೆ ದಬ್ ಅಂತ ಸದ್ದು. ಒಣಗಿದರೂ ಬೇಗ ಹೊತ್ತಿಕೊಳ್ಳುವ ಸೌದೆ ಇದಲ್ಲ. ಪೈನ್ ಚಕ್ಕೆಯಿಂದ ಉರಿ ಎಬ್ಬಿಸಿ ಆಮೇಲೆ ಹಿಕರಿ ಹಾಕುವುದು ಒಳ್ಳೆಯದು.

ಕಡಿದ ಮರ ಇನ್ನೂ ಹಸಿಯಾಗಿ ಹೊರಗೆ ಬಿದ್ದಿರುವಾಗ ತೊಗಟೆಯ ಸಂದಿಗೆ ಒಂದು ಜೀರುಂಡೆ ಮೊಟ್ಟೆ ಇಟ್ಟಿರುತ್ತದೆ. ಕಪ್ಪು ಮೈ, ಹಳದಿ ಪಟ್ಟೆ, ನೋಡಲು ಕಣಜದ ಹಾಗೆ. ಮರಿ ಮರದೊಳಗೇ ಬೆಳೆದು, ವಸಂತದಲ್ಲಿ ಹೊರಬರಬೇಕು. ಸೌದೆಯನ್ನು ಚಳಿಗಾಲದಲ್ಲಿ ಮನೆಯೊಳಗೆ ತಂದಿಟ್ಟರೆ, ಒಲೆಯ ಬಿಸಿಗೆ ವಸಂತ ಬಂತೆಂದು ಹೊರಬಂದುಬಿಡುತ್ತದೆ. ಹೊರಗೆ ಹಿಮ, ಒಳಗೆ ಕಿಟಕಿ ಗಾಜಿನ ಮೇಲೆ ಜೀರುಂಡೆ. ಮನೆಯ ತೊಲೆಗೆ, ಮೇಜು ಕುರ್ಚಿಗೆ ಅದರಿಂದ ತೊಂದರೆಯಿಲ್ಲ, ಒಣಮರದಲ್ಲಿ ಅದು ಮೊಟ್ಟೆ ಇಡುವುದಿಲ್ಲ. ಒಂದೆರಡು ದಿನಕ್ಕೆ ಬೇಕಾದಷ್ಟೇ ಸೌದೆ ಒಳಗೆ ತಂದುಕೊಂಡರೆ ಸಾಕು, ಅದು ಎಚ್ಚರವಾಗುವುದೇ ಇಲ್ಲ.