ರಾಜಕುಮಾರನ ಕುದುರೆಗೆ ಮನಸೋತ ರಾಜಕುಮಾರಿ: ಕಿನ್ನರಕಥೆಯ ಅಣಕಕ್ಕೊಂದು ಹಿನ್ನೆಲೆ

ಕಲಬುರಗಿ, ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ದೊಡ್ಡಾಟವೆಂಬ ಬಯಲಾಟ ನೋಡುತ್ತ ಬೆಳೆದವರಿಗೆ ಸಾರಥಿಯ ಪರಿಚಯ ಇದ್ದೇ ಇರುತ್ತದೆ. ಕಿರೀಟ, ಭುಜಕೀರ್ತಿ ತೊಟ್ಟ ರಾಜ ಅಟ್ಟ ಅದುರುವಂತೆ ಕುಣಿಯುತ್ತ ಬಂದು ನಿಂತಾಗ, ತಾವು ಯಾರು, ಯಾವ ದೇಶದವರು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುವವನು ಇವನೇ. ರಾಜ ತನ್ನ ಬಿರುದುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿರುವಾಗ ಸಾರಥಿ ನಡುವೆ ಬಾಯಿ ಹಾಕಿ ಊರ ಮಾತಿನಲ್ಲಿ ಏನಾದರೊಂದು ಕೇಳುತ್ತಾನೆ, ಜನ ನಗುತ್ತಾರೆ, ಆದರೂ ರಾಜನ ರಾಜತನಕ್ಕೆ ಕುಂದಿಲ್ಲ, ಬೆಳಗಿನ ಜಾವದವರೆಗೆ ಕಥೆ ಸಾಗುತ್ತದೆ. ಕಿನ್ನರಕಥೆಗಳನ್ನು ಅಣಕಿಸುವ ನಗೆಬರಹದ ಇತಿಹಾಸವನ್ನು ಹಿಡಿದು ಹಿಂದೆ ಹೋದಷ್ಟೂ ನನಗೆ ಎದುರಾಗುವವನು ಈ ಸಾರಥಿಯೇ.

ಅಣಕ ಹುಟ್ಟಬೇಕಾದರೆ ಮೊದಲು ಕೇಳುಗರಿಗೆ ಕಥೆ ಬಾಯಿಪಾಠವಾಗಿರಬೇಕು. ನಮ್ಮ ಕಡೆ ಅದಕ್ಕೇನೂ ಕೊರತೆಯಿರಲಿಲ್ಲ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಇಟ್ಟುಕೊಂಡ ರಾಕ್ಷಸನ ಕಥೆಯನ್ನು ಇಲ್ಲಿನ ಯಾವ ಅಜ್ಜಿಯೂ ಹೇಳದೆ ಬಿಟ್ಟಿಲ್ಲ. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದ ಬೀದರಿನಲ್ಲಿ ನಿಜಾಮಿ ಎಂಬ ಕವಿ ಬರೆದ ‘ಕದಂ ರಾವ್ ಪದಂ ರಾವ್’ ಎಂಬ ಮಸ್ನವಿ, ಅಂದರೆ ಕಥನಕಾವ್ಯ, ದಖ್ಖನಿಯಲ್ಲಿ (ದಖ್ಖನ್ ಸೀಮೆಯ ಹಳೆಯ ಉರ್ದುವಿನಲ್ಲಿ) ಈವರೆಗೆ ಸಿಕ್ಕಿರುವ ಮಸ್ನವಿಗಳಲ್ಲಿ ಅತಿ ಹಳೆಯದು. ಅದರಲ್ಲಿ ಮಂತ್ರಿ ಒಬ್ಬ ನಾಗ. ಪರಕಾಯ ಪ್ರವೇಶದ ವಿದ್ಯೆ ಕಲಿಯಹೊರಟ ರಾಜ ಯೋಗಿಯ ವಂಚನೆಯಿಂದ ಗಿಳಿಯ ದೇಹದಲ್ಲಿ ಸಿಕ್ಕಿಬೀಳುತ್ತಾನೆ. ಅಜ್ಜಿಯ ಕನ್ನಡದಲ್ಲೂ ಆಸ್ಥಾನದ ದಖ್ಖನಿಯಲ್ಲೂ ಜೀವಕ್ಕೆ ಗಿಳಿಯೇ ಆಸರೆಯಾದದ್ದು ಈ ನೆಲದ ಕಥೆಗಳ ನಂಟನ್ನು ತೋರಿಸುತ್ತದೆ.

ಕನ್ನಡದಲ್ಲಿ ಇಂಥ ಅದ್ಭುತಗಳನ್ನು ಪ್ರಶ್ನಿಸಿ ನಗಿಸಿದ ಹಳೆಯ ಕೃತಿಗಳಲ್ಲೊಂದು 14ನೇ ಶತಮಾನದ ಜೈನ ಕವಿ ವೃತ್ತವಿಲಾಸನ ‘ಧರ್ಮಪರೀಕ್ಷೆ’. ಅಮಿತಗತಿ 1014ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಕೃತಿ ಇದಕ್ಕೆ ಆಧಾರ. ಮನೋವೇಗನೆಂಬ ವಿದ್ಯಾಧರ ಗೆಳೆಯ ಪವನವೇಗನನ್ನು ಪಾಟಲಿಪುತ್ರಕ್ಕೆ ಕರೆದೊಯ್ದು, ಅಲ್ಲಿನ ವೈದಿಕ ಪಂಡಿತರ ಮುಂದೆ ನಂಬಲಾಗದ ಕಥೆಯೊಂದನ್ನು ತನಗೇ ನಡೆದದ್ದೆಂಬಂತೆ ಹೇಳುತ್ತಾನೆ. ಅವರು ಇದು ಸುಳ್ಳೆಂದ ಕೂಡಲೇ, ಇಂಥದ್ದೇ ಸಂಗತಿ ನಿಮ್ಮ ಪುರಾಣದಲ್ಲೂ ಇದೆಯಲ್ಲ ಎಂದು ಎತ್ತಿ ತೋರಿಸುತ್ತಾನೆ. ಉಪಾಯ ಚತುರವಾದದ್ದು, ಓದಿದರೆ ಇಂದಿಗೂ ನಗು ಬರುತ್ತದೆ. ಆದರೆ ಮತವಾದದಲ್ಲಿ ಎದುರಾಳಿಯನ್ನು ಸೋಲಿಸುವುದು ಆ ನಗೆಯ ಉದ್ದೇಶ. ಸಾರಥಿಯ ನಗೆಯಲ್ಲಿರುವ ಸಲಿಗೆ ಅದರಲ್ಲಿ ನನಗೆ ಕಾಣುವುದಿಲ್ಲ.

ಯುರೋಪಿನಲ್ಲಿ ಅಣಕಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಫ್ರಾನ್ಸಿನಲ್ಲಿ ಶಾರ್ಲ್ ಪೆರೋ ಸಿಂಡರೆಲಾಳ ಕಥೆಯಿದ್ದ ತನ್ನ ಸಂಕಲನವನ್ನು 1697ರಲ್ಲಿ ಪ್ರಕಟಿಸಿದ. 1704ರಿಂದ ಗಾಲಾಂ ಅನುವಾದಿಸಿದ ಅರೇಬಿಯನ್ ನೈಟ್ಸ್ ಸಂಪುಟಗಳು ಬರತೊಡಗಿದವು. ಮಾಯಾಕಥೆಗಳ ಈ ಹುಚ್ಚನ್ನು ಅಣಕಿಸಿ ಆಂಟನಿ ಹ್ಯಾಮಿಲ್ಟನ್ ಬರೆದ ಫ್ರೆಂಚ್ ಕಥೆಗಳು ಅವನ ನಿಧನದ ನಂತರ, 1730ರಲ್ಲಿ ಅಚ್ಚಾದವು. ಇಂಗ್ಲಿಷಿನಲ್ಲಿ ಈ ಪ್ರಕಾರವನ್ನು ಗಟ್ಟಿಗೊಳಿಸಿದವನು ಕಲ್ಕತ್ತೆಯಲ್ಲಿ 1811ರಲ್ಲಿ ಹುಟ್ಟಿದ ಥ್ಯಾಕರೆ. ಅವನ ‘ದಿ ರೋಸ್ ಅಂಡ್ ದಿ ರಿಂಗ್’ ಎಂಬ ಪುಸ್ತಕದ ಮೇಲಿರುವ ವರ್ಷ 1855. ಅದರಲ್ಲಿ ಬ್ಲ್ಯಾಕ್‌ಸ್ಟಿಕ್ ಎಂಬ ಯಕ್ಷಿಣಿಗೆ ತನ್ನ ಕೆಲಸದ ಬಗ್ಗೆಯೇ ಬೇಸರ ಬಂದಿದೆ, ಏಕೆಂದರೆ ಅವಳು ತೊಟ್ಟಿಲಿನ ಬಳಿ ವರ ಕೊಟ್ಟು ಹರಸಿದ ಮಕ್ಕಳು ದೊಡ್ಡವರಾಗಿ ಕೆಟ್ಟುಹೋಗಿದ್ದಾರೆ. ಆದುದರಿಂದ ಈ ಸಲ ನಾಯಕ ಮತ್ತು ನಾಯಕಿಗೆ ಒಂದಿಷ್ಟು ಕಷ್ಟವನ್ನೇ ವರವಾಗಿ ಕೊಡುತ್ತಾಳೆ. ವರ ಕೊಡುವವಳಿಗೂ ಅನುಭವದಿಂದ ಬುದ್ಧಿ ಬರಬಹುದೆಂಬ ಕಲ್ಪನೆ ನಗೆಯಿಂದ ಹುಟ್ಟಿದ್ದು. ಆದರೆ ಆ ಕಷ್ಟವನ್ನು ಉಂಡೇ ಇಬ್ಬರೂ ಒಳ್ಳೆಯವರಾಗುತ್ತಾರೆ. ಅಣಕವು ಕಥೆಯ ಕಟ್ಟನ್ನು ಮುರಿಯದೆ ಅದಕ್ಕೆ ಹೊಸ ಜೀವ ತುಂಬಿದ ನಿದರ್ಶನ ಇದಕ್ಕಿಂತ ಚೆನ್ನಾಗಿ ಸಿಗಲಾರದು.

20ನೇ ಶತಮಾನದಲ್ಲಿ ಈ ಹಾದಿಯ ಒಂದು ಕವಲು ತಿರುಗಿ ಕರ್ನಾಟಕಕ್ಕೇ ಬಂದಿತು. ಕಥಾಸರಿತ್ಸಾಗರದ ಬೇತಾಳ ಕಥೆಗಳಲ್ಲಿ, ಗಂಡನ ಮತ್ತು ಇನ್ನೊಬ್ಬನ ರುಂಡ ಮುಂಡಗಳು ಅದಲುಬದಲಾಗುವ ಕಥೆಯೊಂದಿದೆ. ಜರ್ಮನ್ ಲೇಖಕ ಥಾಮಸ್ ಮಾನ್ ಅದನ್ನು 1940ರಲ್ಲಿ ನಗೆ ಬೆರೆತ ನೀಳ್ಗತೆಯಾಗಿಸಿದ. ಅದರಿಂದ ಪ್ರೇರಣೆ ಪಡೆದು ಗಿರೀಶ ಕಾರ್ನಾಡರು 1971ರಲ್ಲಿ ‘ಹಯವದನ’ ಬರೆದರು. ತಲೆಗಳ ಕಥೆಯ ಜೊತೆಗೆ ಅವರು ಕುದುರೆಮುಖದವನ ಕಥೆಯೊಂದನ್ನು ಸ್ವತಃ ಕಟ್ಟಿ ಸೇರಿಸಿದರು. ಅವನ ತಾಯಿ, ಕರ್ನಾಟಕದ ರಾಜಕುಮಾರಿ, ವರನನ್ನು ಆರಿಸುವ ಹೊತ್ತಿಗೆ ಅರಬ್ ದೇಶದ ರಾಜಕುಮಾರ ಬಿಳಿ ಕುದುರೆಯೇರಿ ಬರುತ್ತಾನೆ. ಅವಳು ನೋಡಿದವಳೇ ಮೂರ್ಛೆ ಹೋಗುತ್ತಾಳೆ. ಎಚ್ಚರವಾದ ಮೇಲೆ, ತಾನು ಮದುವೆಯಾದರೆ ಆ ಕುದುರೆಯನ್ನೇ ಎಂದು ಹಟ ಹಿಡಿಯುತ್ತಾಳೆ. ಕುದುರೆ ಶಾಪಗ್ರಸ್ತ ಗಂಧರ್ವನೆಂದು ಮುಂದೆ ತಿಳಿಯುತ್ತದೆ. ಶಾಪ ಕಳೆದು ಅವನು ಸುಂದರ ಪುರುಷನಾದಾಗ ಕಿನ್ನರಕಥೆಯ ನಿಯಮದಂತೆ ಸುಖಾಂತವಾಗಬೇಕಿತ್ತು. ಆದರೆ ಅವಳಿಗೆ ಗಂಧರ್ವ ಬೇಡ, ಕುದುರೆಯೇ ಬೇಕು. ಇದೇ ನಾಟಕದಲ್ಲಿ ಪ್ರತ್ಯಕ್ಷಳಾಗುವ ಕಾಳಿ ನಿದ್ದೆಗಣ್ಣಿನಲ್ಲಿ ಆಕಳಿಸುತ್ತಾಳೆ. ಬಯಲಾಟದ ಸಲಿಗೆ ಆಧುನಿಕ ರಂಗಭೂಮಿಗೆ ಬಂದ ಪರಿ ಇದು.

ಇಂಗ್ಲಿಷಿನಲ್ಲಿ ಇದನ್ನು ಅತಿ ದೂರಕ್ಕೆ ಒಯ್ದವರು ಟೆರಿ ಪ್ರ್ಯಾಚೆಟ್. ಅವರ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ 41 ಕಾದಂಬರಿಗಳಿವೆ. 1991ರ ‘ವಿಚಸ್ ಅಬ್ರಾಡ್’ನಲ್ಲಿ ಒಂದು ಇಡೀ ನಗರವನ್ನು ಕಿನ್ನರಕಥೆಯಂತೆ ಬಾಳುವಂತೆ ಬಲವಂತಪಡಿಸಲಾಗುತ್ತದೆ, ಮೂವರು ಮಾಟಗಾತಿಯರು ಹುಡುಗಿಯೊಬ್ಬಳಿಗೆ ರಾಜಕುಮಾರನ ಜೊತೆ ಆಗಲಿರುವ ಮದುವೆಯನ್ನು ತಪ್ಪಿಸಲು ಹೆಣಗುತ್ತಾರೆ. 2001ರ ‘ಶ್ರೆಕ್’ ಚಲನಚಿತ್ರದ ನಂತರ ಈ ಬಗೆಯ ನಗೆ ಮನೆಮನೆಯ ಟೀವಿಗೂ ತಲುಪಿತು.

ಕಲಬುರಗಿಯ ಮಕ್ಕಳೂ ಈಗ ಅದನ್ನು ನೋಡಿ ನಗುತ್ತಾರೆ, ನಗಲಿ. ನನ್ನ ಕೊರಗು ಬೇರೆ: ಸಿಂಡರೆಲಾಳ ಗಾಜಿನ ಚಪ್ಪಲಿಯ ಮೇಲಿನ ಅಣಕಗಳು ಸಾಲುಗಟ್ಟಿ ಬರುವಾಗ, ನಮ್ಮ ಗಿಳಿಯ ಮೇಲೆ, ಏಳು ಸಮುದ್ರಗಳ ಮೇಲೆ ಮಕ್ಕಳಿಗಾಗಿ ಬರೆದ ಅಣಕ ಕನ್ನಡದಲ್ಲಿ ಅಪರೂಪ. ಸಾಮಗ್ರಿ ಇಲ್ಲವೆನ್ನುವಂತಿಲ್ಲ. ಸೆರೆಯಲ್ಲಿದ್ದ ರಾಜಕುಮಾರಿ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ರಾಕ್ಷಸನನ್ನು ಕೇಳುತ್ತಾಳೆ, ನಿನ್ನ ಜೀವ ಎಲ್ಲಿದೆ ಎಂದು. ಅವನು ಸಮುದ್ರ, ಮರ, ಪಂಜರ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತಾನೆ. ಚಿಕ್ಕವನಿದ್ದಾಗ ನಾನೂ ನಮ್ಮ ಆಯಿಯನ್ನು ಕೇಳಿದ್ದೆ, ‘ಆಯಿ, ಅಂವ ಯಾಕ ಹೇಳ್ದ?’ ಎಂದು. ಜೋಳ ಹಸನು ಮಾಡುತ್ತಿದ್ದ ಆಯಿ ಮೊರದಿಂದ ಕಣ್ಣೆತ್ತದೆ ಹೇಳಿದ್ದಳು: ‘ಅಷ್ಟು ದೊಡ್ಡ ಅರಮನ್ಯಾಗ ಅಂವನ ಜೋಡಿ ಮಾತಾಡವ್ರು ಮತ್ತ್ಯಾರಿದ್ರು? ಹೇಳಿಬಿಟ್ಟ.’