ಬ್ರಷ್ ಬುಡದಲ್ಲಿ ಉಳಿಯುವ ತೇವ

ವಿಜಯಪುರದ ಸುತ್ತಲಿನ ಹಳ್ಳಿಗಳಲ್ಲಿ ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತಿದ್ದವರಿಗೆ ಒಂದು ಚಿಂತೆ ಇರಲಿಲ್ಲ. ತಿಕ್ಕಿದ ಮೇಲೆ ಅದನ್ನೇ ಸೀಳಿ ನಾಲಿಗೆ ಕೆರೆದು ಎಸೆಯುತ್ತಿದ್ದರು. ಮರುದಿನ ಹೊಸ ಕಡ್ಡಿ. ಬ್ರಷ್ ಹಾಗಲ್ಲ, ಅದನ್ನು ಇಟ್ಟುಕೊಳ್ಳುತ್ತೇವೆ. ಗಟ್ಟಿಯೋ ಮೆತ್ತಗೋ, ಕ್ಯಾಪ್ ಬೇಕೋ ಬೇಡವೋ ಎಂದು ಅಂಗಡಿಯಲ್ಲಿ ತಲೆ ಕೆಡುವುದು ಅದಕ್ಕೇ.

ಚೀನಾದಲ್ಲಿ ಹಂದಿ ಕೂದಲಿನ ಬ್ರಷ್ ಬಂತು, 1780ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಆಡಿಸ್ ಅದನ್ನು ಮಾರಾಟಕ್ಕೆ ತಂದರು, 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆ ಬಂತು. ಹಂದಿ ಕೂದಲಿನ ಒಳಗೆ ಟೊಳ್ಳು. ನೀರು ಕುಡಿದರೆ ಬೇಗ ಒಣಗದು, ಸೂಕ್ಷ್ಮಾಣುಗಳಿಗೆ ಅದೇ ಬೇಕು. ನೈಲಾನಿಗೆ ಆ ಟೊಳ್ಳು ಇಲ್ಲ.

ಆದರೆ ಮೊದಲ ನೈಲಾನ್ ಎಳೆಗಳು ತುಂಬಾ ಬಿರುಸು. ವಸಡಿಗೆ ನೋವಾಗುತ್ತಿತ್ತು. 1940ರ ದಶಕದಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬಾಸ್ ಬೇರೆ ದಾರಿ ತೋರಿಸಿದರು. ಎಳೆ ಸುಮಾರು 0.18 ಮಿಲಿಮೀಟರ್ ದಪ್ಪ ಇರಲಿ, ತುದಿ ದುಂಡಗಿರಲಿ, ಹಲ್ಲು ಮತ್ತು ವಸಡು ಸೇರುವ ಕಡೆ ಓರೆಯಾಗಿ ಹಿಡಿಯಿರಿ ಎಂದರು. ಕಾರಣ ಸರಳ. ಬ್ರಷ್ ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ. ಹಲ್ಲಿಗೆ ಅಂಟಿದ ಅವುಗಳ ಪದರವನ್ನು ಬಿಡಿಸುತ್ತದೆ, ಅಷ್ಟೇ. ಆ ಪದರ ಜಾಸ್ತಿ ಕೂರುವುದು ವಸಡಿನ ಅಂಚಿನಲ್ಲಿ. ಅಲ್ಲಿಗೆ ಮೆತ್ತನೆಯ ಎಳೆ ಮಾತ್ರ ನೋವಿಲ್ಲದೆ ಹೋಗುತ್ತದೆ. ಬಿರುಸಾಗಿ ತಿಕ್ಕಿದರೇ ಸ್ವಚ್ಛ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಹೋಗಿಲ್ಲ. ಅದರ ಬೆಲೆ ವಸಡು ಕೊಡುತ್ತದೆ.

ಬಾಯಿಯ ಮಾತಾಯಿತು, ಬ್ರಷ್‌ನದು ಉಳಿಯಿತು. ಅದರ ತಲೆಯನ್ನು ಹತ್ತಿರದಿಂದ ನೋಡಿ. ಸಾಮಾನ್ಯ ಬ್ರಷ್‌ನಲ್ಲಿ ಎಳೆಗಳ ಗೊಂಚಲನ್ನು ನಡುವೆ ಮಡಚಿ, ಪುಟ್ಟ ಲೋಹದ ತುಂಡಿನಿಂದ ತೂತಿಗೆ ಒತ್ತಿರುತ್ತಾರೆ. ತೂತು ಪೂರ್ತಿ ತುಂಬುವುದಿಲ್ಲ. ಆ ಸಂದಿಯಲ್ಲಿ ನೀರು, ಪೇಸ್ಟು, ಅನ್ನದ ಕಣ ನಿಲ್ಲುತ್ತವೆ. ಎಳೆಯ ಬುಡವನ್ನೇ ಕರಗಿಸಿ ತಲೆಗೆ ಬೆಸೆಯುವ ವಿಧಾನವೂ ಇದೆ, ಅದರಲ್ಲಿ ಈ ಸಂದಿ ಇರುವುದಿಲ್ಲ. ಆದರೆ ಅಂಗಡಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಹಿಡಿಯ ಬಣ್ಣ, ಅಲೆಅಲೆಯ ಎಳೆ. ಬುಡದ ಬಗ್ಗೆ ಪೊಟ್ಟಣದ ಮೇಲೆ ಯಾರೂ ಬರೆಯುವುದಿಲ್ಲ.

ತನ್ನ ಬ್ರಷ್‌ನಿಂದಲೇ ಆರೋಗ್ಯವಂತರಿಗೆ ಕಾಯಿಲೆ ಬರುತ್ತದೆ ಎಂದು ಸಾಬೀತಾಗಿಲ್ಲ, ಸುಮ್ನೆ ಹೆದರಬೇಕಿಲ್ಲ. ಆದರೆ ಒದ್ದೆ ಬ್ರಷ್‌ಗೆ ಕ್ಯಾಪ್ ಹಾಕಿದರೆ ತೇವ ಒಳಗೇ ಉಳಿಯುತ್ತದೆ. ತೊಳೆದು, ಕೊಡವಿ, ತಲೆ ಮೇಲಾಗಿ ಗಾಳಿಗೆ ಇಡಬೇಕು. ಮೂರ್ನಾಲ್ಕು ತಿಂಗಳಿಗೆ, ಎಳೆ ಬಾಗಿದರೆ ಅದಕ್ಕೂ ಮೊದಲೇ, ಬದಲಿಸಬೇಕು.

ನಮ್ಮ ಮನೆಯಲ್ಲಿ ನಾಲ್ಕು ಬ್ರಷ್‌ಗಳು ಬಚ್ಚಲಿನ ಒಂದೇ ಸ್ಟೀಲ್ ಲೋಟದಲ್ಲಿ ತಲೆಗೆ ತಲೆ ತಾಗಿ ನಿಂತಿರುತ್ತಿದ್ದವು. ಈಗ ಹಿತ್ತಲ ಕಿಟಕಿಗೆ ಬಂದಿವೆ, ದೂರದೂರ. ಬೇಸಿಗೆಯಲ್ಲಿ ರೊಟ್ಟಿ ಬಡಿದು ಮುಗಿಯುವಷ್ಟರಲ್ಲಿ ಒಣಗಿರುತ್ತವೆ.