ಲಾಂಗ್ ಆ್ಯಕ್ಷನ್: ಉದ್ದ ಇರುವುದು ಎಲ್ಲಿ?

‘ದೀರ್ಘ ಕ್ರಿಯೆಯ ನಿಖರ ಬಂದೂಕಿಗೆ ಮಾರುಕಟ್ಟೆ ನಂತರದ ಚಾಸಿ ದಾಸ್ತಾನು.’ ರೈಫಲ್ ಬಿಡಿಭಾಗದ ವಿವರವನ್ನು ಫೋನಿನ ಅನುವಾದಕ್ಕೆ ಕೊಟ್ಟರೆ ಇಂಥ ಕನ್ನಡ ಬರುತ್ತದೆ. ಇಂಗ್ಲಿಷಿನಲ್ಲಿದ್ದದ್ದು ಲಾಂಗ್ ಆ್ಯಕ್ಷನ್ ರೈಫಲಿನ ‘ಆಫ್ಟರ್‌ಮಾರ್ಕೆಟ್ ಚಾಸಿ ಸ್ಟಾಕ್’, ಅಂದರೆ ಬೇರೆ ಕಂಪನಿ ಮಾಡಿ ಮಾರುವ, ಕೋವಿ ಕೂರಿಸುವ ಚೌಕಟ್ಟು. ಸಂತೆ ಮುಗಿದ ಮೇಲೆ ಗೋದಾಮಿನಲ್ಲಿ ಉಳಿದ ಮಾಲು ಅನ್ನಬೇಕು. ಯಂತ್ರವನ್ನು ಬಿಡಿ, ಅದು ಕೋವಿ ಕಂಡಿಲ್ಲ. ಕೋವಿ ಕಂಡವರೇ ‘ಲಾಂಗ್ ಆ್ಯಕ್ಷನ್ ಅಂದ್ರೆ ದೂರ ಹೊಡೆಯೋದು ಅಲ್ದಾ?’ ಎಂದು ಹತ್ತನೇ ಸಲ ಬರೆದಾಗ ಸುಮ್ಮನಿರುವುದು ಕಷ್ಟ.

ಅಲ್ಲ. ದೂರಕ್ಕೂ ಅದಕ್ಕೂ ಸಂಬಂಧವಿಲ್ಲ. ನಳಿಗೆಯ ಉದ್ದಕ್ಕೂ ಇಲ್ಲ.

ಗೊಂದಲ ಹುಟ್ಟುವುದು ಎಲ್ಲಿ ಅನ್ನುವುದು ತಿಳಿಯದ್ದೇನಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಇರುವುದು ಬೆಳೆ ರಕ್ಷಣೆಯ ಕೋವಿ: ಕೇಪಿನದು, ಇಲ್ಲವೇ ಒಂಟಿ ಅಥವಾ ಜೋಡು ನಳಿಗೆಯ ತೋಟಾ ಕೋವಿ. ಮೊದಲನೆಯದಕ್ಕೆ ಮದ್ದು, ಚರೆ ಎಲ್ಲ ಬಾಯಿಂದಲೇ ತುಂಬಬೇಕು. ಎರಡನೆಯದನ್ನು ಮಡಚಿ ಹಿಂದಿನಿಂದ ತೋಟಾ ತುರುಕಿದರಾಯಿತು. ಹಿಂದೆ ಮುಂದೆ ಓಡಾಡುವ ಬೋಲ್ಟ್ ಎರಡರಲ್ಲೂ ಇಲ್ಲ. ಅಂಥ ಕೋವಿಯಲ್ಲಿ ಉದ್ದ ಎಂದು ಕಣ್ಣಿಗೆ ಬೀಳುವುದು ನಳಿಗೆ ಒಂದೇ. ಅದೇ ಕಣ್ಣಿನಿಂದ ಬೋಲ್ಟ್ ರೈಫಲನ್ನು ನೋಡಿದರೆ ಎಡವುವುದು ಖಂಡಿತ.

ಬೋಲ್ಟ್ ರೈಫಲಿನಲ್ಲಿ ಆ್ಯಕ್ಷನ್ ಎಂದರೆ ನಳಿಗೆಯ ಹಿಂದೆ ಕೂತ ಉಕ್ಕಿನ ರಿಸೀವರ್ ಮತ್ತು ಅದರೊಳಗೆ ಜಾರುವ ಬೋಲ್ಟ್. ಬೋಲ್ಟ್ ಹಿಂದೆ ಎಳೆದರೆ ಖಾಲಿ ತೋಟಾ ಹೊರಗೆ, ಮುಂದೆ ದೂಡಿದರೆ ಹೊಸದು ಒಳಗೆ. ತೋಟಾ ಎಷ್ಟು ಉದ್ದವೋ ಬೋಲ್ಟ್ ಅದಕ್ಕಿಂತ ಕೊಂಚ ಹೆಚ್ಚು ಹಿಂದೆ ಸರಿಯಬೇಕು, ಅಷ್ಟು ಜಾಗ ರಿಸೀವರಿನಲ್ಲಿರಬೇಕು. ‘ಲಾಂಗ್’ ಹೇಳುವುದು ಇಷ್ಟನ್ನೇ. .308 ವಿಂಚೆಸ್ಟರ್ ತೋಟಾ ಗುಂಡು ಸೇರಿ 2.81 ಇಂಚು, ಅಂದಾಜು 71 ಮಿ.ಮೀ, ಅದಕ್ಕೆ ಶಾರ್ಟ್ ಸಾಕು. .30-06, .300 ವಿಂಚೆಸ್ಟರ್ ಮ್ಯಾಗ್ನಮ್ ಎರಡೂ 3.34 ಇಂಚು, ಅಂದಾಜು 85 ಮಿ.ಮೀ, ಅವಕ್ಕೆ ಲಾಂಗ್ ಬೇಕು. ವ್ಯತ್ಯಾಸ ಒಂದು ಚಾಲಿ ಅಡಿಕೆಯಷ್ಟೂ ಇಲ್ಲ.

ದೂರದ ವಾದ ಹಿಡಿದವರು ಪಾಲ್ಮಾ ಸ್ಪರ್ಧೆಯನ್ನು ನೋಡಲಿ. ಅಲ್ಲಿ ಗುರಿ 800, 900, 1000 ಗಜದಲ್ಲಿರುತ್ತದೆ; ಹೆಚ್ಚಾಗಿ ಹೊಡೆಯುವುದು ಶಾರ್ಟ್ ಆ್ಯಕ್ಷನ್ ಸಾಕಾಗುವ .308ರಲ್ಲಿ. ಅತ್ತ .30-06 ಹಿಡಿದು ನೂರು ಗಜದಲ್ಲಿ ಜಿಂಕೆ ಹೊಡೆಯುವ ಅಮೆರಿಕದ ಬೇಟೆಗಾರನ ಕೈಯಲ್ಲಿರುವುದು ಲಾಂಗ್ ಆ್ಯಕ್ಷನ್.

ಇನ್ನು ಸ್ಟಾಕ್. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಮರದ ದಿಮ್ಮಿ, ಕೊರಡು ಎಂದೇ ಅರ್ಥ. ಕೋವಿಯ ಮರದ ಭಾಗಕ್ಕೆ ಆ ಹೆಸರು ಬಂದದ್ದು ಅಲ್ಲಿಂದ. ಅದನ್ನು ದಾಸ್ತಾನು ಎಂದು ತಿರುಗಿಸುವುದು ಕೊರಡನ್ನು ಅಂಗಡಿಗೆ ಸೇರಿಸಿದಂತೆ.

ಚಾಸಿ ಎಂದರೇನೆಂದು ಅರಬೈಲ್ ಘಾಟ್ ಹತ್ತಿಳಿಯುವ ಲಾರಿಯವರಿಗೆ ವಿವರಿಸಬೇಕಾಗಿಲ್ಲ. ಎಂಜಿನ್ನು, ಬಾಡಿ ಎಲ್ಲ ಕೂರುವ ಚೌಕಟ್ಟು ಅದು. ಪದ ಫ್ರೆಂಚಿನದು, ಮೂಲ ಲ್ಯಾಟಿನ್ನಿನ ‘ಕಾಪ್ಸಾ’, ಅಂದರೆ ಪೆಟ್ಟಿಗೆ. ಕೇಸು, ಕ್ಯಾಶು ಎರಡೂ ಅದೇ ಪೆಟ್ಟಿಗೆಯಿಂದ ಹೊರಬಂದವು. (ನಮ್ಮ ಕಾಸು ಆ ಪೆಟ್ಟಿಗೆಯದಲ್ಲ, ಅದು ಇಲ್ಲಿಯದೇ.) ಫ್ರೆಂಚರು ಕೊನೆಯ ‘ಸ್’ ಉಚ್ಚರಿಸುವುದಿಲ್ಲ. ಹಾಗಾಗಿ ‘ಚಾಸಿಸ್’ ಎಂದು ತಿದ್ದುವ ಓದಿದವರಿಗಿಂತ ‘ಚಾಸಿ’ ಎನ್ನುವ ಗ್ಯಾರೇಜಿನವರೇ ಮೂಲಕ್ಕೆ ಹತ್ತಿರ.

ರೈಫಲಿನಲ್ಲೂ ಅರ್ಥ ಬದಲಾಗುವುದಿಲ್ಲ. ಆ್ಯಕ್ಷನ್ನು ಮರದ ಮೇಲಲ್ಲ, ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಕೂರುತ್ತದೆ. ಹಿಡಿ, ಕೆನ್ನೆ ಆನಿಸುವ ಪಟ್ಟಿ, ಭುಜಕ್ಕೆ ಒತ್ತುವ ತುದಿ ಎಲ್ಲ ಅದಕ್ಕೇ ಸ್ಕ್ರೂ ಹಾಕಿ ಕೂರಿಸಿದವು. ಈ ಕ್ರಮವನ್ನು ಹೆಸರಾಗಿಸಿದ್ದು ಬ್ರಿಟನ್ನಿನ ಅಕ್ಯುರಸಿ ಇಂಟರ್‌ನ್ಯಾಷನಲ್. ಅದರ ಸ್ಥಾಪಕರಲ್ಲಿ ಒಬ್ಬರಾದ ಮ್ಯಾಲ್ಕಮ್ ಕೂಪರ್ 1984 ಮತ್ತು 1988ರ ಒಲಿಂಪಿಕ್ಸ್‌ನಲ್ಲಿ ರೈಫಲ್ ಚಿನ್ನ ಗೆದ್ದವರು. ಮ್ಯಾಗಜಿನ್, ಅಂದರೆ ತೋಟಾ ತುಂಬಿಡುವ ಪೆಟ್ಟಿಗೆಯ ವಿಷಯ ಬಂದಾಗಲೆಲ್ಲ ಕೇಳುವ ‘ಎಐಸಿಎಸ್’ ಆ ಕಂಪನಿಯ ಚಾಸಿಯ ಹೆಸರೇ.

ಮರ ಯಾಕೆ ಬೇಡ ಎನ್ನುವುದು ಕಾರವಾರದವರಿಗೆ ಬೇಗ ಅರ್ಥವಾಗಬೇಕು. ಆಷಾಢದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದಲ್ಲ, ಕೋವಿಯ ಮರವೂ ಹಾಗೇ. ಉಬ್ಬಿದ ಮರ ನಳಿಗೆಯನ್ನು ಒಂದು ಬದಿಯಿಂದ ಒತ್ತಿದರೆ ಬೇಸಿಗೆಯಲ್ಲಿ ಕೂರಿಸಿದ ಗುರಿ ಮಳೆಗಾಲದಲ್ಲಿ ಅಲ್ಲಿರುವುದಿಲ್ಲ. ಅಲ್ಯೂಮಿನಿಯಂ ನೀರು ಕುಡಿಯುವುದಿಲ್ಲ.

ಊರು ಬಿಟ್ಟು ಅಮೆರಿಕ, ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿ ಶೂಟಿಂಗ್ ರೇಂಜು ಹತ್ತಿದವರು ‘ಯಾವ ಚಾಸಿ ಕೊಳ್ಳಲಿ’ ಎಂದು ಕೇಳುತ್ತಾರೆ. ಕೇಳಬೇಕಾದ್ದು ಬ್ರ್ಯಾಂಡು ಅಲ್ಲ, ಆ್ಯಕ್ಷನ್ನಿನ ತಳದ ಆಕಾರ, ಅಳತೆ. ಅಮೆರಿಕದ ರೆಮಿಂಗ್ಟನ್ 700 ಮಾದರಿಯ ಲಾಂಗ್ ರಿಸೀವರ್ ಶಾರ್ಟಿಗಿಂತ ಮುಕ್ಕಾಲು ಇಂಚಿಗೂ ಹೆಚ್ಚು ಉದ್ದ, ಸ್ಕ್ರೂಗಳ ಅಂತರವೂ ಬೇರೆ. ಶಾರ್ಟಿನ ಚಾಸಿಗೆ ಅದು ಕೂರುವುದೇ ಇಲ್ಲ, ಫೈಲು ಹಿಡಿದು ಕೂರಬೇಡಿ. ಜಪಾನಿನ ಹೋವಾ ರೈಫಲಿನ ರಿಸೀವರಿಗೆ ತಳ ಚಪ್ಪಟೆ, 700ಕ್ಕೆ ದುಂಡು; ‘ಲಾಂಗ್’ ಎಂಬ ಒಂದೇ ಪದ ನಂಬಿ ಒಂದರ ಚಾಸಿ ಇನ್ನೊಂದಕ್ಕೆ ತರಿಸುವಂತಿಲ್ಲ. ಫಿನ್ಲೆಂಡಿನ ಟಿಕ್ಕಾ ಟಿ3 ರೈಫಲು ಇನ್ನೂ ತಮಾಷೆ: ತೋಟಾ ಗಿಡ್ಡವಿರಲಿ ಉದ್ದವಿರಲಿ ರಿಸೀವರ್ ಒಂದೇ ಅಳತೆ. ಬದಲಾಗುವುದು ಬೋಲ್ಟ್ ಎಷ್ಟು ಹಿಂದೆ ಸರಿಯಬೇಕೆಂದು ತಡೆಯುವ ಬೋಲ್ಟ್ ಸ್ಟಾಪು, ಮ್ಯಾಗಜಿನ್ನು. ಅಲ್ಲಿ ‘ನನ್ನದು ಲಾಂಗಾ, ಶಾರ್ಟಾ’ ಎಂಬ ಪ್ರಶ್ನೆಗಿಂತ ಚಾಸಿಯ ಮ್ಯಾಗಜಿನ್ ಬಾಯಿ ಎಷ್ಟು ಉದ್ದ ಎಂಬುದೇ ಮುಖ್ಯ.

ಹಣ ಹೆಚ್ಚು ಹಾಳಾಗುವುದೂ ಆ ಬಾಯಲ್ಲೇ. .300 ಪಿಆರ್‌ಸಿ ತೋಟಾ 3.70 ಇಂಚು. ಲಾಂಗ್ ಆ್ಯಕ್ಷನ್ ಅದನ್ನು ನುಂಗಬಹುದು, 3.34 ಇಂಚಿನ ತೋಟಾ ಲೆಕ್ಕ ಹಾಕಿ ಮಾಡಿದ ಮ್ಯಾಗಜಿನ್ ನುಂಗುವುದಿಲ್ಲ. ಚಾಸಿ ಕೊಳ್ಳುವ ಮೊದಲು ಮ್ಯಾಗಜಿನ್ನಿನ ಒಳ ಉದ್ದ ಕೇಳಿ. ಅಗಲವನ್ನೂ ಕೇಳಿ: .30-06ರ ಬುಡ ಅಂದಾಜು 12 ಮಿ.ಮೀ, .300 ವಿಂಚೆಸ್ಟರ್ ಮ್ಯಾಗ್ನಮಿನದು 13.5. ಉದ್ದ ಒಂದೇ ಇದ್ದರೂ ತೋಟಾ ಹಿಡಿಯುವ ತುಟಿಗಳು ಬೇರೆ. ‘ಲಾಂಗ್ ಸ್ಟ್ಯಾಂಡರ್ಡ್’, ‘ಲಾಂಗ್ ಮ್ಯಾಗ್ನಮ್’ ಎಂದು ಎರಡು ಮ್ಯಾಗಜಿನ್ ಮಾರುವುದು ಸುಮ್ಮನಲ್ಲ.

ಉಳಿದವು ಬೇಗ ಹೇಳಿ ಮುಗಿಯುತ್ತವೆ. 700ರಲ್ಲಿ ನಳಿಗೆಗೂ ರಿಸೀವರಿಗೂ ನಡುವೆ ಸಿಕ್ಕಿಸಿದ ರಿಕಾಯಿಲ್ ಲಗ್ (ಹೊಡೆದಾಗಿನ ಹಿಂದೊದೆತವನ್ನು ಚಾಸಿಗೆ ದಾಟಿಸುವ ಉಕ್ಕಿನ ಬಿಲ್ಲೆ) ಕಂಪನಿಯದಾದರೆ 3/16 ಇಂಚು ದಪ್ಪ, ಹೊರಗಿನದು ಕಾಲು ಇಂಚೂ ಇರುತ್ತದೆ. ಚಾಸಿಯಲ್ಲಿ ಲಗ್ ಕೂರುವ ಕಚ್ಚು ಅದಕ್ಕೆ ಸಾಲಬೇಕು. ದಪ್ಪ ನಳಿಗೆಯಾದರೆ ಅದು ಹಾಯುವ ಮುಂದಿನ ಕಾಲುವೆಯ ಅಗಲ ಸಾಲಬೇಕು. ಲಾಂಗ್ ಬೋಲ್ಟ್ ಹೆಚ್ಚು ಹಿಂದೆ ಬರುವುದರಿಂದ ಎತ್ತರಿಸಿದ ಕೆನ್ನೆಪಟ್ಟಿಗೆ ಬಡಿಯುವುದುಂಟು. ಪಟ್ಟಿಗೆ ಕಚ್ಚು ಇದೆಯೇ, ಇಲ್ಲವೇ ಅದನ್ನು ಹಿಂದೆ ಸರಿಸಬಹುದೇ ನೋಡಿ.

ಜೋಡಿಸುವಾಗ ಮೊದಲು ಕೋವಿ ಖಾಲಿ ಮಾಡಿ, ಬೋಲ್ಟ್ ಹೊರಗೆ ತೆಗೆಯಿರಿ. ಆ್ಯಕ್ಷನ್ನನ್ನು ಚಾಸಿಯೊಳಗೆ ಇಟ್ಟು ನಳಿಗೆ ಮೇಲೆ ಮಾಡಿ ನೆಟ್ಟಗೆ ನಿಲ್ಲಿಸಿದರೆ ಲಗ್ ತನ್ನ ಭಾರಕ್ಕೇ ಹಿಂದೆ ಆನುತ್ತದೆ. ಹಾಗೇ ಹಿಡಿದು ಎರಡೂ ಸ್ಕ್ರೂ ಬೆರಳಿನಲ್ಲಿ ತಿರುಗಿಸಿ, ಆಮೇಲೆ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಒಂದಾದ ಮೇಲೊಂದರಂತೆ ಬಿಗಿಯಿರಿ. 700ರ ಅಲ್ಯೂಮಿನಿಯಂ ಚಾಸಿಗೆ ಸಾಮಾನ್ಯವಾಗಿ ಹೇಳುವುದು 65 ಇಂಚ್-ಪೌಂಡ್, ಅಂದರೆ 7.3 ನ್ಯೂಟನ್ ಮೀಟರ್. ತಯಾರಕರ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಬೋಲ್ಟ್ ಹಾಕಿ ಎಳೆದು ನೋಡಿ. ಬಿಗಿದ ಮೇಲೆ ಮಾತ್ರ ಸಿಕ್ಕಿಕೊಂಡರೆ ಸ್ಕ್ರೂ ಉದ್ದವಾಗಿದೆ, ತುದಿ ಬೋಲ್ಟಿಗೆ ತಾಗುತ್ತಿದೆ. ನಳಿಗೆಯ ಕೆಳಗೆ ಕಾಗದದ ಪಟ್ಟಿ ತೂರಿಸಿ ರಿಸೀವರಿನವರೆಗೂ ಎಳೆಯಿರಿ, ಎಲ್ಲೂ ತಡೆಯಬಾರದು. ಕೊನೆಗೆ ಮದ್ದಿಲ್ಲದ ಡಮ್ಮಿ ತೋಟಾ ಓಡಿಸಿ. ಬೋಲ್ಟ್ ತೋಟಾದ ಮೇಲೆ ಹಾರಿ ಹೋದರೆ ಮ್ಯಾಗಜಿನ್ ಕೆಳಗೆ ಕೂತಿದೆ, ತುಟಿಗೆ ಉಜ್ಜಿದರೆ ಮೇಲೆ ಕೂತಿದೆ.

ಇಂಥ ರೈಫಲು ಕರಾವಳಿಯಲ್ಲಿದ್ದರೆ ಒಂದು ಮಾತು ಹೆಚ್ಚು. ಅಲ್ಯೂಮಿನಿಯಂ, ಉಕ್ಕು, ಉಪ್ಪುಗಾಳಿ ಮೂರೂ ಸೇರಿದಲ್ಲಿ ಸ್ಕ್ರೂ ಸುತ್ತ ಬಿಳಿ ಪುಡಿ ಏಳುತ್ತದೆ, ಒಂದೆರಡು ಮಳೆಗಾಲ ಕಳೆದರೆ ತಿರುಗುವುದೇ ಇಲ್ಲ. ವರ್ಷಕ್ಕೊಮ್ಮೆ ಬಿಚ್ಚಿ, ಎಳೆಗಳನ್ನು ಒರೆಸಿ, ತೆಳ್ಳಗೆ ಗ್ರೀಸ್ ಸವರಿ. ಆದರೆ ಗ್ರೀಸ್ ಬಿದ್ದ ಸ್ಕ್ರೂ ಅದೇ ಅಂಕಿಗೆ ಹೆಚ್ಚು ಬಿಗಿಯಾಗುತ್ತದೆ. ಚೀಟಿಯಲ್ಲಿರುವ ಅಂಕಿ ಒಣ ಎಳೆಗೋ ಗ್ರೀಸ್ ಹಚ್ಚಿದ್ದಕ್ಕೋ ಎಂದು ಓದಿಕೊಂಡೇ ಪಾನಾ ಹಿಡಿಯಿರಿ.